ಎಮ್ಮೆಗಳ ಏಕಾದಶಿ

ನೆನೆಸಿದ ಹತ್ತಿಕಾಳಿಗೆ ತನ್ನದೇ ಒಂದು ವಾಸನೆ ಇದೆ. ನೀರು ಕುಡಿದು ಉಬ್ಬಿದ ಕಾಳು, ಅದರೊಳಗೆ ಕರಗಿದ ಶೇಂಗಾ ಹಿಂಡಿ, ಮೇಲೊಂದು ಹಿಡಿ ಉಪ್ಪು. ಅರ್ಧ ಅಡುಗೆಮನೆಯದು, ಅರ್ಧ ಕೊಟ್ಟಿಗೆಯದು ಎನ್ನಿಸುವ, ಹುಳಿಯಾಗಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿರುವಂಥ ವಾಸನೆ. ಪ್ರೇಮಲೀಲಾ ಅಣ್ಣಿಗೇರಿ ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ದಿನಾ ಬೆಳಿಗ್ಗೆ ತಂಬಿಗೆ ಹಿಡಿದು ಧಾರವಾಡದ ಗೌಳಿ ಓಣಿಗೆ ಹಾಲಿಗೆ ಹೋಗುತ್ತಿದ್ದಳು. ಓಣಿಯ ತಿರುವಿನಲ್ಲೇ ಆ ವಾಸನೆ ಬಂದು ಕೈ ಹಿಡಿಯುತ್ತಿತ್ತು. ಒಂದು ದಿನ ತಡೆಯಲಾರದೆ ಹಿಂಡಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಉಗುಳಲೂ ಆಗದೆ ನುಂಗಲೂ ಆಗದೆ ನಿಂತಿದ್ದಳು. ಹಾಲು ಕರೆಯುತ್ತಿದ್ದ ಗೌಳಿಗಿತ್ತಿ ನಗಲಿಲ್ಲ, ಬೈಯಲಿಲ್ಲ. ಎದ್ದು ಹೋಗಿ ಒಂದು ಹರಳು ಬೆಲ್ಲ ತಂದು ಅವಳ ಅಂಗೈಯಲ್ಲಿಟ್ಟು ಮತ್ತೆ ಕರೆಯಲು ಕೂತಳು.

ಈಗ ಲೀಲಾಗೆ ಐವತ್ತು ದಾಟಿದೆ. ಊರಂಚಿನ ಗುಡ್ಡದ ಮೇಲಿರುವ ಮೆಲುಕು ಸಂಶೋಧನಾ ಕೇಂದ್ರಕ್ಕೆ ಅವಳೇ ಮುಖ್ಯಸ್ಥೆ. ಎಮ್ಮೆಯ ಹೊಟ್ಟೆಯೊಳಗೆ ಏನೇನು ನಡೆಯುತ್ತದೆಂದು ತಿಳಿಯುವುದೇ ಅವಳ ಬದುಕಿನ ಕೆಲಸ. ಊರವರು ಅವಳನ್ನು ಪ್ರೀತಿಯಿಂದ "ತೇಗಿನ ಡಾಕ್ಟರು" ಎಂದು ಕರೆಯುತ್ತಿದ್ದರು.

ಆ ಹೆಸರಿಗೆ ಕಾರಣವಿತ್ತು. ಅಷ್ಟು ಹೊತ್ತಿಗೆ ದೇಶದ ಊರುಗಳೆಲ್ಲ ತಮ್ಮ ಗಾಳಿಯನ್ನು ತಾವೇ ಅಳೆದುಕೊಳ್ಳತೊಡಗಿದ್ದವು. ಬಸ್ಸುಗಳು ಹೊಗೆ ಬಿಡುವುದನ್ನು ಮರೆತಿದ್ದವು, ಕಾರ್ಖಾನೆಯ ಚಿಮಣಿಗಳಲ್ಲಿ ಪಾರಿವಾಳ ಗೂಡು ಕಟ್ಟಿದ್ದವು. ಎಲ್ಲ ಹೊಗೆ ಹೋದ ಮೇಲೆ ಕಣ್ಣಿಗೆ ಬಿದ್ದದ್ದು ಎಮ್ಮೆಯ ತೇಗು. ಎಮ್ಮೆ ಹುಲ್ಲನ್ನು ತಾನೇ ಅರಗಿಸುವುದಿಲ್ಲ. ಅದರ ಮೊದಲ ಹೊಟ್ಟೆಯಲ್ಲಿ ಒಕ್ಕಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅರಗಿಸಿ ಕೊಡುತ್ತವೆ. ಆ ಅಡುಗೆಯಲ್ಲಿ ಒಂದಿಷ್ಟು ಜಲಜನಕ ಮಿಕ್ಕುತ್ತದೆ. ಮಿಕ್ಕದ್ದನ್ನು ತಿಂದು ಬದುಕುವ ಒಂದು ಜಾತಿಯ ಜೀವಿ ಅದನ್ನು ಮೀಥೇನ್ ಅನಿಲ ಮಾಡುತ್ತದೆ. ಎಮ್ಮೆ ಅದನ್ನು ತೇಗಿ ಹೊರಗೆ ಹಾಕುತ್ತದೆ. ಆ ಅನಿಲ ಆಕಾಶಕ್ಕೇರಿ ಭೂಮಿಗೆ ಕಂಬಳಿ ಹೊದಿಸುತ್ತದೆ.

ಊರಿನ ಗಾಳಿ ಮಂಡಳಿ ಒಂದು ಮಿತಿ ಗೊತ್ತು ಮಾಡಿತ್ತು. ಅದಕ್ಕಿಂತ ಹೆಚ್ಚು ತೇಗುವ ದನಗಳು ಊರೊಳಗೆ ಇರುವಂತಿಲ್ಲ, ಬಸ್ಸಿನಲ್ಲಿ ಅರ್ಧ ದಿನದ ದಾರಿಯಾದ ದನದ ವಸಾಹತಿಗೆ ಹೋಗಬೇಕು. ಗೌಳಿಗಳಿಗೆ ಇದು ದನವೊಂದರದೇ ಮಾತಲ್ಲ. ಎಮ್ಮೆ ಹೋದರೆ ಅದರ ಹಿಂದೆ ಗಂಡ ಹೋಗಬೇಕು, ಮಕ್ಕಳ ಶಾಲೆಗಾಗಿ ಹೆಂಡತಿ ಉಳಿಯಬೇಕು. ತಲೆಮಾರುಗಳಿಂದ ಮನುಷ್ಯರೂ ಎಮ್ಮೆಗಳೂ ಒಂದೇ ಗೋಡೆಯ ಆಚೆ ಈಚೆ ಮಲಗಿದ ಓಣಿ ಎರಡು ಹೋಳಾಗಬೇಕು.

ಅದನ್ನು ತಪ್ಪಿಸಲೆಂದೇ ಲೀಲಾ ಮೇವಿನಲ್ಲಿ ಬೆರೆಸುವ ಒಂದು ಪುಡಿ ಮಾಡಿದ್ದಳು. ಕಡಲ ಪಾಚಿಯಿಂದ ತೆಗೆದ ಅದು ಮೀಥೇನ್ ಮಾಡುವ ಜೀವಿಗಳಿಗೆ ಜೋಗುಳ ಹಾಡಿ ಮಲಗಿಸುತ್ತಿತ್ತು. ಮಿಕ್ಕ ಜಲಜನಕ ಬೇರೆ ದಾರಿ ಹಿಡಿದು ಹಾಲಿಗೆ ಸೇರುತ್ತಿತ್ತು. ಪುಡಿ ಕೆಲಸ ಮಾಡುತ್ತದೆಂದು ತೋರಿಸಲು ಓಣಿಯ ಪ್ರತಿ ಎಮ್ಮೆಗೂ ಒಂದೊಂದು ಮೆಲುಕುಮಣಿ ನುಂಗಿಸಿದ್ದರು. ಎಳೆ ಬದನೆಕಾಯಿಯಷ್ಟು ದಪ್ಪದ ಆ ನುಣ್ಣನೆಯ ಮಣಿ ಹೊಟ್ಟೆಯೊಳಗೇ ಉಳಿದು, ಹೊಟ್ಟೆಯ ಅಲುಗಾಟದಿಂದಲೇ ಶಕ್ತಿ ಪಡೆದು, ಅಲ್ಲಿನ ಅನಿಲದ ಸುದ್ದಿಯನ್ನೂ ಸದ್ದನ್ನೂ ಗುಡ್ಡದ ಮೇಲಿನ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು.

ಕೊಠಡಿಯ ಒಂದು ಇಡೀ ಗೋಡೆಯ ತುಂಬ ದೀಪಗಳು, ಎಮ್ಮೆಗೊಂದರಂತೆ. ತೇಗು ಮಿತಿಯೊಳಗಿದ್ದರೆ ಹಸಿರು, ಮೀರಿದರೆ ಕೆಂಪು. ಅವನ್ನು ನೋಡಿಕೊಳ್ಳುವ ಎಂಜಿನಿಯರ್ ಜುಬೇರ್ ಮುಲ್ಲಾ ಬಂದ ಹೊಸತರಲ್ಲಿ ದೀಪಗಳ ಕೆಳಗೆ ಬರೀ ನಂಬರುಗಳಿದ್ದವು. ಅವನು ಒಂದು ರಜೆಯ ದಿನ ಓಣಿಗೆ ಹೋಗಿ ಕೇಳಿಕೊಂಡು ಬಂದು, ಚೀಟಿ ಬರೆದು ಅಂಟಿಸಿದ್ದ: ಕಸ್ತೂರಿ, ಬೋರಿ, ಮೈನಾ, ರಾಧಿ, ಪಟ್ಟೇದಿ. "ನಂಬರ್ ನೋಡಿದ್ರ ನಿದ್ದಿ ಬರ್ತೈತ್ರಿ ಮೇಡಂ, ಹೆಸರಿದ್ರ ಕಾಳಜಿ ಬರ್ತೈತಿ," ಎಂದಿದ್ದ.

ಆ ಮುಂಜಾನೆ ಗೋಡೆ ಪೂರ್ತಿ ಹಸಿರಾಗಿತ್ತು. ಅದೇ ತೊಂದರೆಯಾಗಿತ್ತು.

ಗಾಳಿ ಮಂಡಳಿಯ ಪರೀಕ್ಷಕ ವಾಮನರಾವ್ ಗುಡಿ ಗೋಡೆಯ ಮುಂದೆ ನಿಂತಿದ್ದರು. ಸಣ್ಣ ಮೈಯ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಯಾರ ಮನಸ್ಸನ್ನೂ ನೋಯಿಸುವ ಇಷ್ಟವಿಲ್ಲ, ಸುಳ್ಳನ್ನು ಒಪ್ಪುವ ಇಷ್ಟವೂ ಇಲ್ಲ.

"ಡಾಕ್ಟರ್ ಬಾಯಾರ, ನಿಮ್ಮ ಪುಡಿ ಅರ್ಧ ಎಮ್ಮಿಗೆ ಮಾತ್ರ ಕೊಟ್ಟದ್ದು ಹೌದಲ್ಲೊ?"

"ಹೌದ್ರಿ. ಹಳದಿ ದಾರದ ಚೀಲದಾಗ ಪುಡಿ ಬೆರೆಸಿದ ತೌಡು. ಬಿಳಿ ದಾರದ ಚೀಲದಾಗ ಬರೇ ತೌಡು. ಯಾವ ಎಮ್ಮಿಗೆ ಯಾವುದಂತ ಅವರಿಗೆ ತಿಳಿಸಿ ಹೇಳೇನಿ."

"ಆದರ ಪುಡಿ ತಿಂದವು ಇಳದಾವ, ತಿನ್ನದವೂ ಇಳದಾವ. ಔಷಧ ಕುಡಿದವನ ಜ್ವರಾನೂ ಬಿಡ್ತು, ಕುಡಿಯದವನದೂ ಬಿಡ್ತು ಅಂದ್ರ ಔಷಧದ್ದೇನು ಹೆಚ್ಚುಗಾರಿಕಿ? ಹವಾ ಬದಲಾಗಿರಬೇಕು. ಮೇವು ಬದಲಾಗಿರಬೇಕು. ನಾಳೆ ಮತ್ತ ಏರ್ತಾವ."

"ಇವತ್ತು ಮಿತಿಯೊಳಗ ಅದಾವಲ್ರಿ," ಎಂದ ಜುಬೇರ್.

"ಅದಾವ. ಯಾಕ ಅದಾವ ಅಂತ ಗೊತ್ತಿಲ್ಲ. ಕಾರಣ ಗೊತ್ತಿಲ್ಲದ್ದಕ್ಕ ಮಂಡಳಿ ಒಪ್ಪಿಗಿ ಕೊಡೂದಿಲ್ಲಪಾ." ಗುಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಓಣಿ ಖಾಲಿ ಮಾಡಸೂದು ನನಗ ಹಬ್ಬ ಅನಕೋಬ್ಯಾಡ್ರಿ. ನಮ್ಮ ಮನಿ ಹಾಲೂ ಅಲ್ಲಿಂದನ ಬರ್ತದ. ಮಂಡಳಿ ಸಭಾ ಇನ್ನೂ ದೂರ ಅದ. ಅಷ್ಟರಾಗ ಏನರೆ ತೋರಸ್ರಿ."

ಜುಬೇರ್ ಚಹಾ ಇಟ್ಟು ಬಹಳ ಹೊತ್ತಾಗಿತ್ತು. ಕೊಠಡಿಯ ಮೂಲೆಯ ಒಲೆಗೆ ಕೇಂದ್ರದ ಸ್ವಂತ ಕೊಟ್ಟಿಗೆಯ ಗೋಬರ್ ಗ್ಯಾಸ್ ಬರುತ್ತಿತ್ತು. ಇತ್ತೀಚೆಗೆ ಆ ಉರಿ ಮುದುಕಿಯ ಹಾಗೆ ಕೆಮ್ಮಿ ಕೆಮ್ಮಿ ಆರುತ್ತಿತ್ತು. ಜುಬೇರ್ ಬರ್ನರ್ ಬದಲಿಸಿದ್ದ, ನಳಿಗೆ ಬದಲಿಸಿದ್ದ, ಒಲೆಗೆ ನಾಲ್ಕು ಮಾತು ಬೈದೂ ನೋಡಿದ್ದ. ಕೊನೆಗೆ ಗುಡಿಯವರು ಉಗುರುಬೆಚ್ಚಗಿನ ಚಹಾವನ್ನೇ ಕುಡಿದು, "ಛಲೋ ಆಗ್ಯದ," ಎಂದು ಸುಳ್ಳು ಹೇಳಿ ಹೋದರು. ಅವರು ಒಪ್ಪುವ ಸುಳ್ಳು ಅದೊಂದೇ ಇರಬೇಕು ಎಂದುಕೊಂಡಳು ಲೀಲಾ.

ಅವಳ ಮನಸ್ಸಿನಲ್ಲಿ ಇನ್ನೊಂದು ಕೊರಗೂ ಇತ್ತು. ಕೇಂದ್ರದ ಕೊಟ್ಟಿಗೆಯ ಎಮ್ಮೆಗಳಿಗೆ ಪುಡಿಯನ್ನು ಪೂರ್ತಿ ಪ್ರಮಾಣದಲ್ಲಿ ಕೊಡುತ್ತಿದ್ದರು. ಅವುಗಳ ತೇಗು ನಿಂತೇಹೋಗಿತ್ತು, ನಿಜ. ಆದರೆ ಅವು ಗೋದಲಿಯಲ್ಲಿ ಮೇವು ಬಿಡತೊಡಗಿದ್ದವು. ಮೆಲುಕು ಹಾಕುವಾಗ ನಡುವೆಯೇ ನಿಲ್ಲಿಸಿ, ಏನೋ ಮರೆತವರ ಹಾಗೆ ಗೋಡೆ ನೋಡುತ್ತಿದ್ದವು. ಓಣಿಯ ಎಮ್ಮೆಗಳಲ್ಲಿ ಒಂದೂ ಹಾಗೆ ಮಾಡಿರಲಿಲ್ಲ. ಯಾಕೆ?

ಮಧ್ಯಾಹ್ನ ಮೇವು ಹಾಕುವ ಹೊತ್ತಿಗೆ ಅವಳು ಯಾರಿಗೂ ಹೇಳದೆ ಓಣಿಗೆ ಇಳಿದು ಹೋದಳು.

ಗೌಳಿ ಓಣಿಯಲ್ಲಿ ಒಂದು ಪದ್ಧತಿ ಉಂಟು. ಎಮ್ಮೆ ಯಾರದೇ ಆಗಿರಲಿ, ಹಿಂಡಿ-ಕಾಳು ನೆನೆಯುವುದು ಒಂದೇ ಕಲ್ಲಿನ ಬಾನಿಯಲ್ಲಿ; ಅದನ್ನು ಕಲಸುವವಳು ಓಣಿಯ ಹಿರಿಯಳು. ಈಗ ಆ ಹಿರಿತನ ಧೋಂಡಾಬಾಯಿಯದು. ಓಣಿಗೆಲ್ಲ ಅವಳು ಆಯಿ. ಮೊಳಕೈಯವರೆಗೆ ಬಾನಿಯಲ್ಲಿ ಕೈ ಇಳಿಸಿ ಕಲಸುತ್ತಿದ್ದ ಆಯಿಯ ಪಕ್ಕದಲ್ಲಿ ಸೊಸೆ ಸಖು ಚೀಲ ಬಿಚ್ಚಿ ಸುರಿಯುತ್ತಿದ್ದಳು. ಹಳದಿ ದಾರದ ಒಂದು ಚೀಲ. ಅದರ ಬೆನ್ನಿಗೇ ಬಿಳಿ ದಾರದ ಒಂದು ಚೀಲ. ಎರಡೂ ಅದೇ ಬಾನಿಗೆ.

ಲೀಲಾ ನಿಂತಲ್ಲೇ ನಿಂತಳು.

"ಆಯಿ... ಇದೇನ್ ಮಾಡಾಕತ್ತೀರಿ?"

"ಬರ್ರಿ ಬಾಯಾರ, ಬರ್ರಿ! ಕಾಣಸ್ತೈತಲ್ರಿ, ಊಟಕ್ಕ ಹಚ್ಚೀನಿ."

"ಹಳದಿ ಚೀಲ ಕಸ್ತೂರಿ ಸಾಲಿಗೆ, ಬಿಳಿ ಚೀಲ ಬೋರಿ ಸಾಲಿಗೆ ಅಂತ ಹೇಳಿದ್ನೆಲ್ರಿ?"

"ಹೇಳಿದ್ರಿ. ಮೊದಲ ದಿನ ಹಂಗ ಹಾಕಿದ್ನಿ ಕೂಡ." ಧೋಂಡಾಬಾಯಿ ಕೈ ತೆಗೆದು ಬಾನಿಯ ಅಂಚಿಗೆ ಒರೆಸಿದಳು. "ಆದ್ರ ಆ ಬೋರಿ ಇದಾಳಲ್ಲ, ಆಕಿ ನನ್ನ ಕಡೆ ಒಂದು ನೋಟಾ ನೋಡಿದಳು ನೋಡ್ರಿ! ಅಕ್ಕಗ ಕೊಟ್ಟಿ, ನನಗ್ಯಾಕ ಕೊಡವಲ್ಲಿ ಅಂತ. ಅವತ್ತ ಸಂಜಿಕೆ ಹಾಲ ಇಳಸಲಿಲ್ಲ. ಬಾಯಾರ, ನೀವ ಹೇಳ್ರಿ. ಒಂದು ಪಂಕ್ತಿಗೆ ಕುಂತ ಮ್ಯಾಲೆ ಒಬ್ಬರಿಗೆ ಹೋಳಿಗಿ, ಬಾಜೂಕ ಕುಂತವರಿಗೆ ಬರೇ ಅನ್ನ ಬಡಸ್ತಾರೇನ್ರಿ? ಪಂಕ್ತಿಭೇದ ಮಾಡಿದ ಕೈ ಮುಂದ ಬಡಸಾಕ ಬರೂದಿಲ್ಲ ಅಂತ ನಮ್ಮತ್ತಿ ಹೇಳ್ತಿದ್ದಳು. ಅದಕ್ಕ ಎಲ್ಲಾ ಕೂಡಿಸಿ, ಎಲ್ಲಾರಿಗೂ ಸಮಾ ಹಾಕೇನಿ. ಒಂದು ಕಾಳು ಚೆಲ್ಲಿಲ್ಲ, ಪಾಂಡುರಂಗನ ಆಣಿ!"

ಇಷ್ಟು ದಿನದ ಪರೀಕ್ಷೆ ಆ ಕಲ್ಲಿನ ಬಾನಿಯಲ್ಲಿ ಕರಗಿ ಹೋಗಿತ್ತು. ಅಳು ಬರಬೇಕಾದ ಜಾಗದಿಂದ ಲೀಲಾಗೆ ನಗು ಬಂತು. ಮೊದಲು ಸಣ್ಣದಾಗಿ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು. ಗುಡಿಯವರ ಹವಾ, ಮೇವು, ಜ್ವರ, ಔಷಧ! ಅತ್ತ ಅವರು ಗೋಡೆ ನೋಡಿ ತಲೆ ಕೆರೆದುಕೊಳ್ಳುತ್ತಿದ್ದರೆ ಇತ್ತ ಎಲ್ಲರೂ ಪಂಕ್ತಿಯಲ್ಲಿ ಕೂತು ಸಮಪಾಲು ಉಂಡಿದ್ದರು.

"ಅಯ್ಯ ಶಿವನ, ಬಾಯಾರಿಗೆ ಏನಾತ? ಸಖೂ, ಚಹಾ ಇಡವಾ ಲಗೂನ!"

ಸಖು ಒಳಗೆ ಹೋದಳು. ಅವಳು ಲೀಲಾಳೊಡನೆ ಒಂದು ದಿನವೂ ಮಾತಾಡಿದವಳಲ್ಲ. ಎಮ್ಮೆಗೆ ಮಣಿ ನುಂಗಿಸಿದವರೇ ಎಮ್ಮೆಯನ್ನು ಊರು ಬಿಡಿಸುವವರು ಎಂದು ಅವಳ ತಿಳಿವಳಿಕೆ. ವಸಾಹತಿಗೆ ಹೋಗಬೇಕಾದವರಲ್ಲಿ ಅವಳ ಗಂಡನೇ ಮೊದಲಿಗ. ಹಾಗಾಗಿ ಲೀಲಾ ಕಂಡರೆ ಸೆರಗು ಬಿಗಿದು ಬೆನ್ನು ತಿರುಗಿಸುತ್ತಿದ್ದಳು. ಲೀಲಾ ಅದನ್ನು ತಪ್ಪೆಂದುಕೊಂಡಿರಲಿಲ್ಲ.

ಕಣ್ಣು ಒರೆಸಿಕೊಂಡು ಲೀಲಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಓಣಿಯ ಒಲೆಗಳೂ ಗೋಬರ್ ಗ್ಯಾಸಿನವೇ. ಸಖು ಒಲೆಯ ಕಿವಿ ತಿರುವಿದ ಕೂಡಲೇ ನೀಲಿ ಉರಿ ನಾಗರದ ಹೆಡೆಯಂತೆ ಭುಸ್ಸೆಂದು ಎದ್ದಿತು. ಚಹಾ ಕುದಿಯಿತು, ಉಕ್ಕಿತು, ಒಲೆಯ ಮೇಲೆ ಚೆಲ್ಲಿತು. ಸಖು ತುಟಿ ಕಚ್ಚಿಕೊಂಡು ಕೆಳಗಿಳಿಸಿದಳು.

ಲೀಲಾ ಆ ಉರಿಯನ್ನೇ ನೋಡುತ್ತಿದ್ದಳು. ಸಗಣಿಯ ತೊಟ್ಟಿಯಲ್ಲಿ ಅನಿಲ ಮಾಡುವುದೂ ಎಮ್ಮೆಯ ಹೊಟ್ಟೆಯಲ್ಲಿರುವ ಆ ಜೀವಿಗಳ ಬಳಗವೇ. ಗುಡ್ಡದ ಮೇಲೆ ಪೂರ್ತಿ ಪ್ರಮಾಣ ತಿಂದ ಎಮ್ಮೆಗಳ ಸಗಣಿಯಲ್ಲಿ ಪುಡಿ ಮಿಕ್ಕು, ತೊಟ್ಟಿಯ ಜೀವಿಗಳನ್ನೂ ಮಲಗಿಸಿಬಿಟ್ಟಿತ್ತು. ಜುಬೇರನ ಒಲೆ ಕೆಮ್ಮುತ್ತಿದ್ದುದು ಅದಕ್ಕೆ. ಇಲ್ಲಿ ಅರ್ಧ ಎಮ್ಮೆಗಳ ಪುಡಿ ಎಲ್ಲಕ್ಕೂ ಹಂಚಿಹೋಗಿ, ಒಂದೊಂದಕ್ಕೆ ಸಿಕ್ಕ ಅರ್ಧ ಪಾಲು ಹೊಟ್ಟೆಯೊಳಗೇ ಕರಗಿ, ಹೊರಗೆ ಏನೂ ಬರುತ್ತಿರಲಿಲ್ಲ. ತೇಗು ಇಳಿದಿತ್ತು. ಮೆಲುಕು ನಿಂತಿರಲಿಲ್ಲ. ಒಲೆ ಉರಿಯುತ್ತಿತ್ತು. ತಾನು ಲೆಕ್ಕ ಹಾಕಿ ಗೊತ್ತು ಮಾಡಿದ್ದ ಪ್ರಮಾಣವೇ ಹೆಚ್ಚಾಗಿತ್ತು. ಧೋಂಡಾಬಾಯಿಗೂ ಗೊತ್ತಿಲ್ಲದೆ, ತನಗೂ ಗೊತ್ತಿಲ್ಲದೆ, ಸರಿಯಾದದ್ದು ಬಾನಿಯಲ್ಲಿ ಕಲೆತಿತ್ತು.

ಆ ಖುಷಿಯಲ್ಲಿ ಅವಳು ಬಿಸಿ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡಳು.

"ಅಂದ್ರ ನನ್ನ ಚಹಾನ ಸಾಕ್ಷಿ ಹೇಳಾಕತ್ತಿತ್ತು, ನಾ ಒಲಿಗೆ ಬೈಕೋಂತ ಕುಂತಿದ್ನಿ ಅನ್ರಿ!" ಎಂದು, ಗುಡ್ಡಕ್ಕೆ ಮರಳಿದ ಲೀಲಾ ಹೇಳಿದ್ದನ್ನು ಕೇಳಿ ಜುಬೇರ್ ಹಣೆ ಬಡಿದುಕೊಂಡ. ಆಮೇಲೆ ಗಂಭೀರನಾದ. "ಆದ್ರ ಗುಡಿ ಸಾಹೇಬ್ರು ಒಪ್ಪೂದಿಲ್ರಿ ಮೇಡಂ. ಎಲ್ಲಾರೂ ತಿಂದ್ರು, ಎಲ್ಲಾರದೂ ಇಳೀತು. ಹವಾದಿಂದ ಇಳೀತಂತ ಅವರು ಅಂದ್ರ ಏನ್ ಹೇಳೂಣು? ತಿನ್ನದವು ಬೇಕಲ್ರಿ, ತಾಳೆ ನೋಡಾಕ. ಆಯಿಗೆ ಮತ್ತೊಮ್ಮೆ ತಿಳಿಸಿ ಹೇಳ್ರಿ, ಎರಡು ಸಾಲು ಮಾಡಂತ."

ಲೀಲಾ ತಲೆಯಾಡಿಸಿದಳು. ಆಯಿಗೆ ಹೇಳಬಹುದಿತ್ತು. ಓಣಿ ಉಳಿಯಲಿಕ್ಕೆ ಎಂದರೆ ಆಯಿ ಹಲ್ಲು ಕಚ್ಚಿ ಮಾಡಿಯೂಬಿಡುತ್ತಿದ್ದಳು. ಆದರೆ ಬಡಿಸುವ ಕೈಯನ್ನು ಅದರ ನಂಬಿಕೆಗೆ ವಿರುದ್ಧವಾಗಿ ತಿರುಚುವುದು ಅವಳಿಗೆ ಬೇಕಿರಲಿಲ್ಲ. ಪಂಕ್ತಿ ಮುರಿಯದೆ ಪರೀಕ್ಷೆ ಮಾಡುವ ದಾರಿ ಇರಬೇಕು. ದೀಪದ ಗೋಡೆಯ ಮುಂದೆ ಅತ್ತಿತ್ತ ಓಡಾಡಿದಳು. ಸಾಲನ್ನು ಎರಡು ಮಾಡಲು ಆಗದಿದ್ದರೆ ಕಾಲವನ್ನು ಎರಡು ಮಾಡಬಹುದಲ್ಲ?

"ಜುಬೇರ್, ಎಲ್ಲಾರಿಗೂ ಬಡಸೂದು. ಇಲ್ಲಾ, ಯಾರಿಗೂ ಬಡಸೂದಿಲ್ಲ. ಸ್ವಲ್ಪ ದಿನ ಇಡೀ ಓಣಿಗೆ ಪುಡಿ ಬಂದ್. ಆಮ್ಯಾಲೆ ಇಡೀ ಓಣಿಗೆ ಮತ್ತ ಶುರು. ನಿನ್ನಿನ ಬೋರಿನ ಇವತ್ತಿನ ಬೋರಿಗೆ ತಾಳೆ."

ಜುಬೇರ್ ಗೋಡೆ ನೋಡಿದ. "ಪುಡಿ ಬಂದ್ ಮಾಡಿದ್ರ ಎಲ್ಲಾ ಕೆಂಪಾಗ್ತಾವ್ರಿ. ಮಿತಿ ಮೀರಿದಂಗ. ಅದನ್ನ ಹಿಡಕೊಂಡು ಮಂಡಳಿಯವರು ನಾಳೆನ ಲಾರಿ ಕಳಿಸಿದ್ರ?"

ಅದು ನಿಜವಾದ ಭಯ. ಆ ಮಾತನ್ನೇ ಲೀಲಾ ಗುಡಿಯವರ ಮುಂದೆ ಇಟ್ಟಳು. ಬಾನಿಯ ಕಥೆಯನ್ನೂ ಮುಚ್ಚಿಡದೆ ಹೇಳಿದಳು. ಗುಡಿಯವರು ಮೇಜಿನ ಮೇಲೆ ಬೆರಳು ಬಡಿದರು.

"ಮಿತಿ ಮೀರಿದರ ಮುಲಾಜಿಲ್ಲ ಅಂತ ಅದ ನಿಯಮ. ಆದರ ಪರೀಕ್ಷಕನ ಕಣ್ಣೆದುರಿಗೆ ನಡೆದ ಪರೀಕ್ಷಾ ಅಪರಾಧ ಹೆಂಗಾಗ್ತದ? ನಾನೂ ದಿನಾ ಬಂದು ಇಲ್ಲೇ ಕೂಡ್ತೀನಿ. ಏರಿದರ ನನ್ನೆದುರಿಗೆ ಏರಲಿ, ಇಳಿದರ ನನ್ನೆದುರಿಗೆ ಇಳೀಲಿ." ಎದ್ದು ನಿಂತು ಮೆಲ್ಲಗೆ ಸೇರಿಸಿದರು: "ಆದರ ಪುಡಿ ಮತ್ತ ಶುರು ಮಾಡಿದ ಮ್ಯಾಲೆ ಇಳೀಲಿಲ್ಲ ಅಂದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ ಬಾಯಾರ. ನಿಮಗ ಗೊತ್ತಿರಲಿ."

ಗೊತ್ತಿತ್ತು. ಅವಳು ಗುಡ್ಡ ಇಳಿದು ನೇರ ಓಣಿಗೆ ಹೋದಳು.

ಧೋಂಡಾಬಾಯಿಗೆ ತಿಳಿಸಿ ಹೇಳುವುದು ಅವಳು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

"ಎಲ್ಲಾರೂ ಬಿಡೂದು, ಎಲ್ಲಾರೂ ಕೂಡಿನ ಮತ್ತ ಉಣ್ಣೂದು. ಅಷ್ಟ ಅಲ್ರಿ? ಹಂಗಂದ್ರ ಏಕಾದಶಿ ಅನ್ರಿ! ಅದನ್ನ ಹೇಳಾಕ ಇಷ್ಟ ತಡವರಿಸಬೇಕೇನ್ರಿ? ನಾವೂ ಪಂಢರಪುರದ ವಾರಕರಿಗಳು, ಉಪವಾಸ ನಮಗ ಹೊಸಾದಲ್ಲ. ನಮ್ಮ ಎಮ್ಮಿಗೂ ಸ್ವಲ್ಪ ಪುಣ್ಯಾ ಬರ್ಲಿ."

"ಹಿಂಡಿ, ಕಾಳು, ಕಣಿಕಿ ಎಲ್ಲಾ ಎಂದಿನಂಗ ಹಾಕ್ರಿ ಮತ್ತ. ಪುಡಿ ಒಂದ ಬ್ಯಾಡ."

"ತಿಳೀತವಾ. ನಮ್ಮ ಏಕಾದಶಿಯೊಳಗೂ ಸಾಬೂದಾನಿ ಖಿಚಡಿ, ಶೇಂಗಾ ಉಂಡಿ ಇರ್ತಾವ!" ಎಂದು ಆಯಿ ಕಣ್ಣು ಮಿಟುಕಿಸಿದಳು. ಬಾನಿಯ ಪಕ್ಕ ನಿಂತಿದ್ದ ಸಖು ಹಳದಿ ದಾರದ ಚೀಲಗಳನ್ನು ಎತ್ತಿ ಒಳಗಿಟ್ಟಳು.

ಮುಂದಿನ ಏಕಾದಶಿಗೆ ಪುಡಿ ನಿಂತಿತು. ಒಂದು ದಿನ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಜುಬೇರ್ ಕೊಠಡಿಯ ಬಾಗಿಲು ತೆಗೆದಾಗ ಪಟ್ಟೇದಿಯ ದೀಪ ಕೆಂಪಾಗಿತ್ತು. ಮಧ್ಯಾಹ್ನದೊಳಗೆ ರಾಧಿ, ಸಂಜೆಗೆ ಕಸ್ತೂರಿ ಮತ್ತು ಬೋರಿ ಅಕ್ಕತಂಗಿಯರು ಒಟ್ಟಿಗೆ. ಮಲಗಿದ್ದ ಜೀವಿಗಳು ಎಚ್ಚರಾಗಿ ಮೈಮುರಿಯುತ್ತಿದ್ದವು. ಧ್ವನಿಯ ಗುಂಡಿ ಒತ್ತಿದರೆ ಹೊಟ್ಟೆಗಳ ಸದ್ದು ಕೇಳುತ್ತಿತ್ತು: ಗುಳಗುಳ, ಗುಡುಗುಡು, ನಡುವೆ ಒಂದು ಉದ್ದನೆಯ ತೇಗು. ಮದುವೆಯ ಮನೆಯ ಅಡುಗೆ ಚಪ್ಪರದ ಹೊರಗೆ ನಿಂತು ಕೇಳಿದ ಹಾಗೆ. ಗುಡಿಯವರು ಮೊದಮೊದಲು ಮುಜುಗರಪಟ್ಟು, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, "ಈ ರಾಧಿದು ಏನ್ ದನಿ ಅದರೀ!" ಎಂದು ಮೆಚ್ಚಿದರು.

ದಿನ ಕಳೆದಂತೆ ಗೋಡೆ ಕೆಂಪೇರಿತು. ಆದರೆ ನಡುವೆ ಅಲ್ಲೊಂದು ಇಲ್ಲೊಂದು ದೀಪ ಹಸಿರಾಗಿಯೇ ಉಳಿದಿತ್ತು.

ಮೊದಲು ಅದನ್ನು ಬೆರಳಿಟ್ಟು ತೋರಿಸಿದವರು ಗುಡಿಯವರು. "ಇವು ಯಾಕ ಏರವಲ್ಲವು? ಮೈನಾ. ಈ ಗೌರಿ. ಅಲ್ಲಿ ಮೂಲ್ಯಾಗ ಚಿಂಗಿ."

ಲೀಲಾ ಎದ್ದು ಗೋಡೆಯ ಹತ್ತಿರ ಬಂದಳು. ಪುಡಿ ನಿಲ್ಲಿಸಿದರೂ ಇವು ಏರಲಿಲ್ಲವೆಂದರೆ ಗುಡಿಯವರ ಹವಾದ ಮಾತೇ ನಿಜವಿರಬಹುದು. ಪುಡಿಗೂ ತೇಗಿಗೂ ಸಂಬಂಧವೇ ಇಲ್ಲದಿರಬಹುದು. ಮಣಿ ಕೆಟ್ಟಿರಬಹುದೇ ಎಂದು ಜುಬೇರ್ ಒಂದೊಂದನ್ನೇ ತಪಾಸು ಮಾಡಿದ, ಎಲ್ಲವೂ ನೆಟ್ಟಗಿದ್ದವು.

ಲೀಲಾ ಓಣಿಗೆ ಫೋನು ಮಾಡಿದಳು. ಗುಡಿಯವರಿಗೂ ಕೇಳಲೆಂದು ಧ್ವನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟಳು. ಆಯಿ ಎತ್ತುವಳೆಂದುಕೊಂಡರೆ ಎತ್ತಿದ್ದು ಸಖು.

"ಸಖೂಬಾಯಿ, ಮೈನಾ, ಗೌರಿ, ಚಿಂಗಿ... ಇವಕ್ಕ ಪುಡಿ ಬಂದ್ ಆಗೇತಿಲ್ಲೋ?"

ಮೊದಲ ಬಾರಿಗೆ ಸಖು ಅವಳೊಡನೆ ಮಾತಾಡಿದಳು, ಅದೂ ಜಗಳಕ್ಕೆ ನಿಂತವಳ ಹಾಗೆ.

"ಇಲ್ರಿ. ಅವಕ್ಕ ನಾ ಬ್ಯಾರೆ ಬುಟ್ಟಿಯೊಳಗ ದಿನಾ ಹಾಕೇನಿ."

"ಯಾಕವಾ? ಎಲ್ಲಾರಿಗೂ ಏಕಾದಶಿ ಅಂತ..."

"ಬಾಯಾರ, ಅವು ಗಬ್ಬ ಅದಾವ್ರಿ! ಬಸುರಿಗೆ ಯಾವ ಏಕಾದಶಿ? ಎಲ್ಲೆರ ಕೇಳೀರೇನ್ರಿ, ಬಸುರಿ ಹೆಂಗಸಿಗೆ ಉಪವಾಸ ಕೆಡವಿದ್ದು? ನಾನೂ ಎರಡು ಹಡದೇನಿ. ನಮ್ಮತ್ತಿ ನನಗ ಒಂದು ಹೊತ್ತು ಬಿಡಸಿಲ್ಲ. ಇನ್ನ ನಾ ಮೈನಾಗ ಬಿಡಸ್ತೀನೇನು? ಬೇಕಾದ್ರ ಲಾರಿ ಕಳಸ್ರಿ, ಬೇಕಾದ್ದ ಮಾಡ್ರಿ!"

ಹಿಂದಿನಿಂದ ಆಯಿಯ ದನಿ ಕೇಳಿತು: "ಅದು ಪಂಕ್ತಿಭೇದ ಅಲ್ರೀ ಬಾಯಾರ! ಶಾಸ್ತ್ರದಾಗ ಐತಿ!"

ಗುಡಿಯವರು ಎದ್ದರು. ಗೋಡೆಯ ಬಳಿ ಹೋಗಿ ಹಸಿರು ದೀಪಗಳ ಕೆಳಗಿನ ಹೆಸರುಗಳನ್ನು ಒಂದೊಂದಾಗಿ ಓದಿದರು.

"ಗಬ್ಬದವು ಎಲ್ಲಾ ಕೂಡಿ ಇಷ್ಟೇ ಏನವಾ?" ಎಂದು ಫೋನಿನತ್ತ ಬಾಗಿ ಕೇಳಿದರು.

ಸಖು ಹೆಸರು ಹೇಳುತ್ತ ಹೋದಳು. ಅವಳು ಹೇಳಿದ ಪ್ರತಿ ಹೆಸರಿನ ಮೇಲೂ ದೀಪ ಹಸಿರಾಗಿತ್ತು. ಹೇಳದ ಒಂದು ಹೆಸರಿನ ಮೇಲೂ ಹಸಿರಿರಲಿಲ್ಲ.

"ಗಬ್ಬ ಆಗಿದ್ದಕ್ಕ ಇಳದಿರಬಹುದು," ಎಂದರು ಗುಡಿಯವರು, ತಮಗೆ ತಾವೇ ಅಡ್ಡ ನಿಂತು ವಾದಿಸುವವರಂತೆ.

"ಪುಡಿ ಶುರು ಮಾಡೂಕಿಂತ ಮೊದಲೂ ಇವು ಗಬ್ಬ ಇದ್ದವ್ರಿ," ಎಂದು ಜುಬೇರ್ ಹಳೆಯ ಗೆರೆಗಳನ್ನು ಪರದೆಯ ಮೇಲೆ ತಂದ. "ಆವಾಗ ಎಲ್ಲಾರಕಿಂತ ಹೆಚ್ಚು ತೇಗ್ತಿದ್ದವು. ನೋಡ್ರಿ."

ಗುಡಿಯವರು ನೋಡಿದರು. ಒಂದೇ ಓಣಿ, ಒಂದೇ ಗಾಳಿ, ಒಂದೇ ಬಾನಿಯ ಹಿಂಡಿ. ಉಂಡದ್ದು ಹಸಿರು, ಉಣ್ಣದ್ದು ಕೆಂಪು. ಕನ್ನಡಕ ತೆಗೆದರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೋ ಎಂದು ಲೀಲಾ ಗಾಬರಿಯಾದಳು. ಆ ಸಣ್ಣ ಮೈಯ ಮನುಷ್ಯ ಅಂಗಿಯ ಇಸ್ತ್ರಿ ಮುರಿಯುವಂತೆ ನಗುತ್ತಿದ್ದರು.

"ನೀವು ಎರಡು ಸಾಲು ಮಾಡ್ರಿ ಅಂದ್ರಿ, ಮಾಡಲಿಲ್ಲ. ಒಂದ ಸಾಲು ಮಾಡ್ರಿ ಅಂದ್ರಿ, ತಾವೇ ಎರಡು ಮಾಡಿದರು! ಬಾಯಾರ, ಎಂಥಾ ವಿಜ್ಞಾನಿಗೂ ಇಂಥಾ ಪರೀಕ್ಷಾ ಕಟ್ಟಲಿಕ್ಕೆ ಆಗೂದಿಲ್ಲ." ಫೋನಿನತ್ತ ಮತ್ತೆ ಬಾಗಿದರು. "ಸಖೂಬಾಯಿ, ಲಾರಿ ಗೀರಿ ಏನೂ ಬರೂದಿಲ್ಲವಾ. ನೀ ಮೈನಾಗ ಛಂದಂಗ ಊಟಾ ಹಾಕು."

ಫೋನಿನ ಆ ಕಡೆ ಏನೋ ನೆಲಕ್ಕೆ ಬಿದ್ದ ಸದ್ದಾಯಿತು. ಬುಟ್ಟಿ ಇರಬೇಕು.

ಮುಂದಿನ ಏಕಾದಶಿ ದಾಟಿದ ಮೇಲೆ ಆಯಿ ಮತ್ತೆ ಬಾನಿಯಲ್ಲಿ ಪುಡಿ ಕಲಸಿದಳು, ಎಲ್ಲರಿಗೂ ಸಮನಾಗಿ, ಅದೇ ಅರ್ಧ ಪಾಲು. ದೀಪಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಕಸ್ತೂರಿ ಬೋರಿ ಈ ಸಲವೂ ಒಟ್ಟಿಗೇ. ಗುಡ್ಡದ ಕೊಟ್ಟಿಗೆಯಲ್ಲೂ ಪ್ರಮಾಣ ಇಳಿಸಿದರು. ಅಲ್ಲಿನ ಎಮ್ಮೆಗಳು ಗೋಡೆ ನೋಡುವುದನ್ನು ಬಿಟ್ಟು ಗೋದಲಿ ನೆಕ್ಕತೊಡಗಿದವು. ಗುಡಿಯವರು ಮಂಡಳಿಯ ಮುಂದೆ ಆ ಪ್ರಮಾಣಕ್ಕೆ "ಪಂಕ್ತಿ ಪ್ರಮಾಣ" ಎಂದು ಹೆಸರಿಟ್ಟು ಮಾತಾಡಿದರು. ಮಂಡಳಿಯವರು ಅದೇನೋ ಹಳೆಯ ಶಾಸ್ತ್ರೀಯ ಪದವೆಂದುಕೊಂಡು ತಲೆದೂಗಿದರು. ಗೌಳಿ ಓಣಿಯ ಎಮ್ಮೆಗಳು ಓಣಿಯಲ್ಲೇ ಇರಬಹುದೆಂದು ತೀರ್ಮಾನವಾಯಿತು. ಪುಡಿ ಬೇಡುವ ಬೇರೆ ಊರುಗಳಿಗೂ ಇದೇ ಪ್ರಮಾಣ ಹೋಗಲಿ ಎಂದರು.

ತೀರ್ಮಾನದ ಸುದ್ದಿಯನ್ನು ಗುಡಿಯವರು ತಾವೇ ನಡೆದು ಬಂದು ಹೇಳಿದರು. ಓಣಿಗೆ ಓಣಿಯೇ ಹೊರಗೆ ಬಂತು. ಎಮ್ಮೆಗಳ ಕೋಡಿಗೆ ಬಣ್ಣ ಬಿತ್ತು, ಕೊರಳಿಗೆ ಗೆಜ್ಜೆ ಬಿತ್ತು. ಆ ದಿನದ ಹಾಲು ಮಾರುವುದಿಲ್ಲವೆಂದು ಆಯಿ ಸಾರಿ, ಬಂದವರಿಗೆಲ್ಲ ಸುಮ್ಮನೆ ಅಳೆದು ಸುರಿದಳು. ಯಾರೋ ತಾಳ ತಂದರು, ಯಾರೋ ವಿಠ್ಠಲನನ್ನು ಕರೆದರು. ಗುಡಿಯವರ ಕೈಗೆ ರಾಧಿಯ ಹಗ್ಗ ಕೊಟ್ಟರು. ಅವರು ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಪೂಜೆಯ ಆರತಿಯಂತೆ ಎರಡೂ ಕೈಯಲ್ಲಿ ಹಿಡಿದು ನಿಂತರು.

ಗದ್ದಲದ ನಡುವೆ ಲೀಲಾಗೆ ಜುಬೇರ್ ನೆನಪಾದ. ಪುಡಿ ಮತ್ತೆ ಶುರುವಾದಾಗಿನಿಂದ ಗೋಡೆಯ ಮುಂದೆ ಯಾರಾದರೊಬ್ಬರು ಇರಲೇಬೇಕಿತ್ತು. ಎಲ್ಲರೂ ಇಳಿದು ಬಂದಿದ್ದರು, ಅವನೊಬ್ಬ ಮೇಲೆಯೇ ಇದ್ದ. ಅವನನ್ನು ಕಳಿಸಿ ತಾನು ಕೂರೋಣವೆಂದು ಅವಳು ಗುಡ್ಡ ಹತ್ತಿದಳು.

ಕೊಠಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗೋಡೆಯ ಮುಂದೆ ಸಖು ನಿಂತಿದ್ದಳು. ಚಪ್ಪಲಿ ಹೊರಗೆ ಬಿಟ್ಟಿದ್ದಳು, ದೇವರಮನೆಗೆ ಬಂದವಳ ಹಾಗೆ. ಹಸಿರು ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು.

"ನಮ್ಮ ಮೈನಾ ಯಾವಕಿರಿ?"

ಜುಬೇರ್ ಎದ್ದು ತೋರಿಸಿದ. ಆಮೇಲೆ ಗುಂಡಿ ಒತ್ತಿದ. ಮೈನಾಳ ಹೊಟ್ಟೆಯ ಸದ್ದು ಕೊಠಡಿ ತುಂಬಿತು, ತುಂಬಿದ ಕೆರೆಗೆ ಗಾಳಿ ಬೀಸಿದ ಹಾಗೆ, ಆತುರವಿಲ್ಲದೆ. ಸಖು ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು. ದೀಪದ ಕೆಳಗಿನ ಚೀಟಿಯ ಮೇಲಿದ್ದ ಹೆಸರನ್ನು ಬೆರಳಿನಿಂದ ಒಮ್ಮೆ ಸವರಿದಳು.

ಲೀಲಾ ಬಾಗಿಲ ಹೊರಗೇ ನಿಂತಳು. ಒಳಗೆ ಹೋಗುವ ಹೊತ್ತು ಅದಲ್ಲ ಅನ್ನಿಸಿತು.

ಸಖು ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದಳು. ಬಿಸಿ ಆರದಿರಲೆಂದು ಅದಕ್ಕೆ ಅರಿವೆ ಸುತ್ತಿದ್ದಳು. ಗಂಟು ಬಿಚ್ಚಿ ಮುಚ್ಚಳ ತೆಗೆದಳು: ಜೋಳದ ರೊಟ್ಟಿ, ಝುಣಕ, ಒಂದು ಬಟ್ಟಲು ಗಟ್ಟಿ ಮೊಸರು. ಜುಬೇರ್ ಏನೋ ಹೇಳಲು ಹೋದ. ಅವಳು ಬೇಡವೆಂಬಂತೆ ತಲೆಯಾಡಿಸಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕೈಗೆ ಕೊಟ್ಟಳು.